ಮಕ್ಕಳ ಜೀವನಾಂಶ: ಐವತ್ತು ರೂಪಾಯಿಯಿಂದ ಇಂದಿನವರೆಗೆ

ಗಂಡ ಹೆಂಡಿರ ಸಂಬಂಧ ಮುರಿದು ಎರಡೂ ಕಡೆಯ ಹಿರಿಯರು ಕೂತಾಗ ಬಾಂಡ್ ಪೇಪರ್ ಬರೆಯುವ ರೂಢಿ ನಮ್ಮ ಕಡೆ ಇದೆ. ಮಹರ್ ಇಷ್ಟು, ಇದ್ದತ್‌ನ ಖರ್ಚು ಇಷ್ಟು, ಮದುವೆಯ ಸಾಮಾನು ವಾಪಸ್ಸು. ಕೊನೆಗೆ ಒಂದು ಸಾಲು: ಮಕ್ಕಳು ತಾಯಿಯ ಬಳಿ ಇರತಕ್ಕದ್ದು, ಮುಂದೆ ಅವರ ಬಾಬ್ತು ಏನನ್ನೂ ಕೇಳತಕ್ಕದ್ದಲ್ಲ. ತಾಯಿ ಅತ್ತುಕೊಂಡೇ ಸಹಿ ಹಾಕುತ್ತಾಳೆ. ಇಂಥ ಕಾಗದಗಳನ್ನು ನಾವು ಕಂಡಿದ್ದೇವೆ, ಕೆಲವಕ್ಕೆ ಸಾಕ್ಷಿಯಾಗಿಯೂ ಕೂತಿದ್ದೇವೆ. ಆ ಕೊನೆಯ ಸಾಲು ಧರ್ಮದಲ್ಲಿಯೂ ನಿಲ್ಲುವುದಿಲ್ಲ, ಕಾನೂನಿನಲ್ಲಿಯೂ ನಿಲ್ಲುವುದಿಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು.

ಧರ್ಮದ ಮಾತು ಸ್ಪಷ್ಟ. ಪವಿತ್ರ ಕುರ್‌ಆನಿನ ಅಲ್ ಬಕರಾ ಅಧ್ಯಾಯದ 233ನೇ ಆಯತ್ ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸುತ್ತದೆ. ಗಂಡ ಅಬೂಸುಫ್ಯಾನ್ ಸಾಕಷ್ಟು ಕೊಡುವುದಿಲ್ಲವೆಂದು ಹಿಂದ್ ದೂರಿದಾಗ, ತನಗೂ ಮಕ್ಕಳಿಗೂ ವಾಡಿಕೆಯಂತೆ ಬೇಕಾದಷ್ಟನ್ನು ಅವರ ಸೊತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿಸಿದರೆಂಬ ಹದೀಸ್ ಬುಖಾರಿಯಲ್ಲಿದೆ. ತಲಾಕ್‌ನಿಂದ ಕಡಿಯುವುದು ಗಂಡ ಹೆಂಡಿರ ಸಂಬಂಧ. ತಂದೆ ಮಗುವಿನ ಸಂಬಂಧಕ್ಕೆ ತಲಾಕ್ ಎಂಬುದೇ ಇಲ್ಲ.

ದೇಶದ ಕಾನೂನು ಈ ವಿಷಯಕ್ಕೆ ಬಂದದ್ದು ಬೇರೆ ದಾರಿಯಿಂದ. ಬ್ರಿಟಿಷರು 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಲ್ಲಿ, ಹೆಂಡತಿ ಮಕ್ಕಳನ್ನು ಕೈಬಿಟ್ಟವನಿಂದ ತಿಂಗಳಿಗೆ 50 ರೂಪಾಯಿ ಮೀರದಂತೆ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟರು. ಕೈಬಿಟ್ಟವರು ಬೀದಿಗೆ ಬೀಳಬಾರದೆಂಬುದು ಅದರ ಉದ್ದೇಶ. ಆದ್ದರಿಂದಲೇ ಅದು ಯಾವ ಧರ್ಮದ ವೈಯಕ್ತಿಕ ಕಾನೂನಿನಲ್ಲೂ ಸೇರದೆ ಎಲ್ಲರಿಗೂ ಒಂದೇ ಆಗಿ ಉಳಿಯಿತು. 1923ರಲ್ಲಿ ಮಿತಿ 100 ರೂಪಾಯಿ ಆಯಿತು. ಹಾಸನ ಜಿಲ್ಲೆ ಆಗ ಮೈಸೂರು ಅರಸರ ಆಡಳಿತದಲ್ಲಿತ್ತು. ಕೇಂದ್ರದ ಈ ಸಂಹಿತೆ ಮೈಸೂರು ರಾಜ್ಯಕ್ಕೂ ಅನ್ವಯವಾದದ್ದು 1951ರಲ್ಲಿ. 1955ರಲ್ಲಿ ಮಿತಿ 500ಕ್ಕೆ ಏರಿತು.

ಆ 500ರ ಕಥೆ ಕೇಳಿ. 1974ರ ಏಪ್ರಿಲ್ 1ರಂದು ಹೊಸ ಸಂಹಿತೆ ಜಾರಿಗೆ ಬಂದು 488ನೇ ಕಲಮಿನ ಜಾಗದಲ್ಲಿ 125ನೇ ಕಲಮು ನಿಂತಿತು. ಆದರೆ 500 ಹಾಗೆಯೇ ಉಳಿಯಿತು. ‘ಒಟ್ಟಾರೆ’ 500 ಎಂಬ ಮಾತನ್ನು ಹಿಡಿದು, ತಾಯಿಗೂ ಎಲ್ಲ ಮಕ್ಕಳಿಗೂ ಸೇರಿಸಿ ಅಷ್ಟೇ ಎಂದು ವಾದಿಸುವವರಿದ್ದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ವಾದವನ್ನು ತಳ್ಳಿಹಾಕಿ, ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ ಎಂದರು. ಮಹಾರಾಷ್ಟ್ರ, ಪಶ್ಚಿಮ ಬಂಗಾಳದಂಥ ರಾಜ್ಯಗಳು ತಾವೇ ತಿದ್ದುಪಡಿ ತಂದು ಮಿತಿ ಏರಿಸಿಕೊಂಡವು. ಇಡೀ ದೇಶಕ್ಕೆ ಮಿತಿಯನ್ನೇ ತೆಗೆದುಹಾಕಿದ್ದು 2001ರ ಸೆಪ್ಟೆಂಬರಿನಲ್ಲಿ. ಅಂದರೆ 46 ವರ್ಷ ಅದೇ 500! ಅಷ್ಟರಲ್ಲಿ ಅಕ್ಕಿಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಓದುಗರೇ ಲೆಕ್ಕ ಹಾಕಲಿ.

ಈ ನಡುವೆ ಶಾ ಬಾನು ಪ್ರಕರಣ ಬಂತು. 1985ರ ಏಪ್ರಿಲ್ 23ರ ಆ ತೀರ್ಪು, ಅದರ ಮೇಲಿನ ಗದ್ದಲ, 1986ರ ಮುಸ್ಲಿಂ ಮಹಿಳೆಯರ ಕಾಯ್ದೆ ಎಲ್ಲರಿಗೂ ಗೊತ್ತು. ಎರಡೂ ಕಡೆಯವರು ಹೆಂಗಸಿನ ಬಗ್ಗೆ ಮಾತಾಡಿದರು. ಮಗುವಿನ ನೆನಪು ಯಾರಿಗೂ ಇರಲಿಲ್ಲ. ಹೊಸ ಕಾಯ್ದೆಯ 3ನೇ ಕಲಮಿನಲ್ಲಿ, ತಾಯಿ ಮಕ್ಕಳನ್ನು ಸಾಕುತ್ತಿದ್ದರೆ ಮಗು ಹುಟ್ಟಿದಂದಿನಿಂದ ಎರಡು ವರ್ಷದವರೆಗೆ ಮಾಜಿ ಗಂಡ ಖರ್ಚು ಕೊಡಬೇಕೆಂದಿತ್ತು. ಕೆಲವು ತಂದೆಯರಿಗೆ ಅಷ್ಟೇ ಸಾಕಾಯಿತು. ಮಗುವಿಗೆ ಎರಡು ತುಂಬಿತು, ನಮ್ಮ ಹೊಣೆ ಮುಗಿಯಿತು ಎಂದರು.

ಬಿಹಾರದ ನೂರ್ ಸಬಾ ಖಾತೂನ್ ಎಂಬ ತಾಯಿಯ ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಆಕೆಗೆ ಮೂವರು ಮಕ್ಕಳು. ಕೆಳಗಿನ ನ್ಯಾಯಾಲಯ ತಲಾ 150 ರೂಪಾಯಿ ಕೊಡಿಸಿದ್ದನ್ನು ಪಟನಾ ಹೈಕೋರ್ಟ್ ಎರಡು ವರ್ಷದ ವಯಸ್ಸಿಗೆ ಮೊಟಕು ಮಾಡಿತ್ತು. 1997ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಎರಡು ವರ್ಷದ ಆ ಖರ್ಚು ಎಳೆಮಗುವನ್ನು ಸಾಕುವ ತಾಯಿಯದು. ಮಗುವಿನ ಹಕ್ಕು ಬೇರೆ. ಗಂಡುಮಕ್ಕಳಿಗೆ ಪ್ರಾಯ ತುಂಬುವವರೆಗೆ ಅಥವಾ ಸ್ವಂತ ದುಡಿಮೆಗೆ ಬರುವವರೆಗೆ, ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೆ ತಂದೆ ಕೊಡಲೇಬೇಕು ಎಂದಿತು. ಹನಫಿ ಫಿಕ್ಹ್ ಓದಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ತಂದೆಯೊಬ್ಬರು ಮರೆತ ಶರೀಅತ್ತನ್ನು ನ್ಯಾಯಾಲಯ ನೆನಪಿಸಬೇಕಾಯಿತಲ್ಲ ಎಂಬುದೇ ನಮಗೆ ನಾಚಿಕೆ.

ಇಲ್ಲೊಂದು ಮಾತು ಸೇರಿಸಬೇಕೆನಿಸುತ್ತದೆ. ಶಾ ಬಾನು ಪೀಠದ ಐವರಲ್ಲಿ ನಮ್ಮ ರಾಜ್ಯದ ಇ.ಎಸ್. ವೆಂಕಟರಾಮಯ್ಯನವರು ಒಬ್ಬರು. ವಿಚ್ಛೇದಿತ ಮುಸ್ಲಿಂ ಮಹಿಳೆ 125ನೇ ಕಲಮಿನಡಿಯೂ ಜೀವನಾಂಶ ಕೇಳಬಹುದೆಂದು 2024ರ ಜುಲೈ 10ರಂದು ತೀರ್ಪಿತ್ತ ಇಬ್ಬರಲ್ಲಿ ಅವರ ಮಗಳು ಬಿ.ವಿ. ನಾಗರತ್ನ ಒಬ್ಬರು.

ಅದೇ ತಿಂಗಳ 1ರಿಂದ 125ನೇ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ, ತಿರುಳು ಬದಲಾಗಿಲ್ಲ. ತಂದೆ ಬೆಂಗಳೂರಿನಲ್ಲಿರಲಿ, ಸೌದಿಯಲ್ಲಿರಲಿ, ತಾಯಿ ಅರಕಲಗೂಡಿನಲ್ಲಿ ವಾಸವಿದ್ದರೆ ಅಲ್ಲಿಯೇ ಅರ್ಜಿ ಹಾಕಬಹುದು. ಹೊಳೆನರಸೀಪುರ, ಚನ್ನರಾಯಪಟ್ಟಣದವರೂ ಹಾಸನಕ್ಕೆ ಅಲೆಯಬೇಕಿಲ್ಲ. ತಾಲೂಕಿನಲ್ಲೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯವಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನದಲ್ಲಿ ಸಾಧ್ಯವಾದಷ್ಟೂ ಮುಗಿಸಬೇಕೆಂದು ಕಾನೂನು ಹೇಳುತ್ತದೆ. 2020ರ ನವೆಂಬರಿನಿಂದ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ಬಾಕಿ ನಿಂತರೆ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಎಷ್ಟೋ ತಾಯಂದಿರು ಎಡವುವುದು ಇಲ್ಲೇ. ಕೊಡದವನನ್ನು ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತೆಂದು ಅರ್ಥವಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ.

ಜಮಾಅತ್‌ನ ಹಿರಿಯರಲ್ಲಿ ನಮ್ಮದೊಂದು ಕೋರಿಕೆ. ಕೂತು ಮಾತಾಡಿ ಬಗೆಹರಿಸುವುದನ್ನು ಬಿಡಬೇಡಿ, ಅದು ಒಳ್ಳೆಯದೇ. ಆದರೆ ಮುಂದಿನ ಬಾಂಡ್ ಪೇಪರ್ ಬರೆಯುವಾಗ ಆ ಕೊನೆಯ ಸಾಲಿನ ಜಾಗದಲ್ಲಿ ಮಕ್ಕಳ ಹೆಸರು, ವಯಸ್ಸು, ತಿಂಗಳಿಗೆ ಇಷ್ಟು ರೂಪಾಯಿ, ಯಾವ ತಾರೀಕಿಗೆ, ಯಾವ ಬ್ಯಾಂಕ್ ಖಾತೆಗೆ ಎಂಬುದನ್ನು ಬರೆಸಿ.