ಬನದ ಹುಣ್ಣಿಮೆಯ ಬುತ್ತಿ

ಊರೂಟ, ವಿಶ್ರಾಂತಿ, ನಿಸರ್ಗದ ಚೆಲುವು ಈ ಮೂರನ್ನೂ ಒಂದೆಡೆ ಸವಿಯಲು ಪ್ರವಾಸಿಗರು ಇಟಲಿಯ ಹಳ್ಳಿಗಳಿಗೆ ಹೋಗುತ್ತಾರೆ. ರೈತರು ಅತಿಥಿಗಳನ್ನು ಇರಿಸಿಕೊಳ್ಳುವುದಕ್ಕೆಂದು ಆ ದೇಶ 1985ರಲ್ಲಿ ಕಾನೂನನ್ನೇ ಮಾಡಿತು. ನಮ್ಮ ಬಾದಾಮಿ ಸೀಮೆಯಲ್ಲಿ ಈ ಕೆಲಸವನ್ನು ಜಾತ್ರೆ ಮಾಡುತ್ತ ಬಂದಿದೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಶಕ 500, ಅಂದರೆ ಕ್ರಿ.ಶ. 578ರದು. ವಿದ್ವಾಂಸರು ಅದನ್ನು ಕಾಲನಿರ್ಣಯಕ್ಕಾಗಿ ಓದುತ್ತಾರೆ. ನನಗೆ ಅದರೊಳಗಿನ ಊಟದ ಮಾತು ಮುಖ್ಯ. ಕಾರ್ತಿಕ ಹುಣ್ಣಿಮೆಯಂದು ವಿಷ್ಣುವನ್ನು ಪ್ರತಿಷ್ಠಾಪಿಸಿ, ಗ್ರಾಮವೊಂದನ್ನು ದತ್ತಿ ಬಿಟ್ಟು, ದಿನವೂ 16 ಮಂದಿ ಬ್ರಾಹ್ಮಣರಿಗೆ ಸತ್ರದ ಊಟ, ಉಳಿದುದರಲ್ಲಿ ಪರಿವ್ರಾಜಕರಿಗೆ ಭೋಜನ ಎಂದು ಕಟ್ಟುಮಾಡಲಾಯಿತು. ಒಕ್ಕಲಿಗನಿಗೆ, ನೇಕಾರನಿಗೆ ಎಲೆ ಹಾಕಿದ ಮಾತು ಅಲ್ಲಿಲ್ಲ. ಅವರ ಊಟದ ಚರಿತ್ರೆಯನ್ನು ಎಲ್ಲಿ ಹುಡುಕಬೇಕು?

ಮೂರು ಮೈಲಿ ಆಚೆ, ಚೊಳಚಗುಡ್ಡದ ಬನಶಂಕರಿಯಲ್ಲಿ. ಪುಷ್ಯದ ಹುಣ್ಣಿಮೆಗೆ ಅಲ್ಲಿ ತೇರು. ಶಾಕಂಭರಿಯೆಂದೂ ಹೆಸರಾದ ದೇವಿಗೆ ತೇರಿನ ಮುಂಚೆ ಪಲ್ಲೇದ ಹಬ್ಬ, 108 ಬಗೆಯ ಪಲ್ಯಗಳ ನೈವೇದ್ಯ. ಹಿಂದೆ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಂದ ಬಂದ ಚಕ್ಕಡಿಯವರು ಹರಿದ್ರಾತೀರ್ಥದ ಸುತ್ತಣ ಕಲ್ಲುಮಂಟಪದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಬುತ್ತಿ ತೀರಿದವರಿಗೆ ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುವ ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಹಿಂಡಿ, ಗಡಿಗೆಯ ಗಟ್ಟಿ ಮೊಸರು. ಕುಡಿಯಲು ಮಜ್ಜಿಗೆ, ಇಟಲಿಯ ದ್ರಾಕ್ಷಾರಸವನ್ನು ನಾನು ನಿಂದಿಸುತ್ತಿಲ್ಲ! ರಾತ್ರಿಯಿಡೀ ಕಂಪನಿ ನಾಟಕ, ಹಗಲು ಮರದಡಿಯ ನಿದ್ದೆ.

ಆ ರೊಟ್ಟಿಗೆ ಶಾಸನವಿಲ್ಲ, ಬಡಿದ ಕೈಗಳಿಗೆ ಹೆಸರಿಲ್ಲ. ಆದರೆ ಇಳಕಲ್ಲ ಸೀರೆಯ ಸೆರಗನ್ನು ತಲೆಗೆ ಹೊದ್ದು "ಉಣ್ಣು ಬರ್ರಿ, ಯಪ್ಪಾ" ಎಂದು ಕರೆಯುವ ತಾಯಿ, ಉಣ್ಣುವವರ ಕುಲ ಕೇಳುವುದಿಲ್ಲ. ಹದಿನಾರಕ್ಕೆ ಎಣಿಕೆ ನಿಲ್ಲಿಸುವುದೂ ಇಲ್ಲ.