ಒಂದು ಮೀಟರ್ ಅಗಲದ ಊರು

“ಸ್ವಂತ ಊರು ಯಾವ್ದಾಯ್ತು ನಿಮ್ದು?” ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಹುಟ್ಟಿದ್ದು ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಮಗ್ಗಿ ಕಲಿತದ್ದು ತಾಳಗುಪ್ಪದಲ್ಲಿ, ಮೊದಲ ಸೀರೆ ಉಟ್ಟದ್ದು ನಂಜನಗೂಡಿನಲ್ಲಿ. ಮೂರೂ ಕಡೆ ನಮ್ಮದು ಅನ್ನುವ ಒಂದು ಹಿಡಿ ಮಣ್ಣಿರಲಿಲ್ಲ. ಇದ್ದದ್ದು ಮೂರನ್ನೂ ಸೇರಿಸಿದ ಹಳಿ, ಒಂದು ಮೀಟರ್ ಅಗಲದ್ದು. ನಮ್ಮೂರು ಅದೇ ಎಂದರೆ ಕೇಳಿದವರು ನಗುತ್ತಾರೆ. ಹಾಗಾಗಿ ‘ಬೀರೂರು’ ಎಂದು ಹೇಳಿ ಸುಮ್ಮನಾಗುತ್ತೇನೆ.

ಅಪ್ಪ 1947ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ಸೇರಿದವರು. 1951ರ ಏಪ್ರಿಲ್ 14ರಂದು ಆ ರೈಲ್ವೆ ಇನ್ನೆರಡರ ಜೊತೆ ಸೇರಿ ದಕ್ಷಿಣ ರೈಲ್ವೆಯಾಯಿತು. ಕೋಟಿನ ಹಿತ್ತಾಳೆ ಗುಂಡಿಗಳನ್ನು ಬದಲಿಸಿದ್ದೊಂದೇ ತಮಗೆ ಗೊತ್ತಾದ ವ್ಯತ್ಯಾಸ ಎಂದು ಅಪ್ಪ ಹೇಳುತ್ತಿದ್ದರು. ಹಳೆಯ ಗುಂಡಿಗಳನ್ನು ಅಮ್ಮ ನನ್ನ ಚಳಿಗಾಲದ ಅಂಗಿಗೆ ಹಾಕಿದ್ದಳು. ಸಂಸ್ಥಾನದ ರೈಲ್ವೆ ಹಾಗೆ ಇನ್ನೊಂದಷ್ಟು ವರ್ಷ ನನ್ನ ಎದೆಯ ಮೇಲೆ ಓಡಾಡಿಕೊಂಡಿತ್ತು.

ಆ ಹಳಿಯ ಹುಟ್ಟು ಅಷ್ಟು ಸುಖದ್ದಲ್ಲ. ಮದ್ರಾಸಿನಿಂದ ಬಂದ ಬ್ರಾಡ್‌ಗೇಜ್ 1864ರಲ್ಲೇ ಬೆಂಗಳೂರು ದಂಡು ಮುಟ್ಟಿತ್ತು. ಅದರಿಂದ ಮುಂದೆ ಮೈಸೂರಿನ ಕಡೆಗೆ ಬೇರೆಯದೇ ಅಳತೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ದೂರ ಹಾಸಬೇಕೆಂದು ಲಾರ್ಡ್ ಮೇಯೊ ಕಾಲದಲ್ಲಿ, 1870ರಲ್ಲಿ, ಒಂದು ಮೀಟರಿನ ಹಳಿಯನ್ನು ಆರಿಸಿಕೊಂಡಿದ್ದರು. ಅದೇ ಹೊತ್ತಿಗೆ ಬಂದೆರಗಿದ್ದು 1876–78ರ ಬರ. ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಧಾತು ಈಶ್ವರ ಬರ, ಎರಡು ಸಂವತ್ಸರಗಳ ಹೆಸರು ಹೊತ್ತದ್ದು. ಮಣ್ಣು ಹೊತ್ತರೆ ಕೂಲಿ ಎಂದು ಬರದ ಜನರಿಂದಲೇ ಬೆಂಗಳೂರು–ಮೈಸೂರು ದಾರಿಯ ಏರಿ ಎದ್ದಿತು. 1882ರ ಹೊತ್ತಿಗೆ ರೈಲು ಮೈಸೂರಿಗೆ ಬಂತು. ಮದ್ದೂರು, ಮಂಡ್ಯದ ಗದ್ದೆಗಳ ನಡುವೆ ಹೋಗುವಾಗ ಆ ಏರಿಯ ಎತ್ತರ ನೋಡಿದರೆ ಇಷ್ಟು ಮಣ್ಣನ್ನು ಯಾವ ಹೊಟ್ಟೆಯಲ್ಲಿ ಹೊತ್ತರೋ ಅನ್ನಿಸುತ್ತದೆ.

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಕವಲು ಹೊರಟಿತು. ಅದು ಕಾಡಿನೊಳಗೆ ಒಂದೊಂದೇ ಸ್ಟೇಷನ್ ದಾಟುತ್ತ 1940ರಲ್ಲಿ ತಾಳಗುಪ್ಪಕ್ಕೆ ಬಂದು ನಿಂತುಬಿಟ್ಟಿತು. ಹೊನ್ನಾವರದವರೆಗೆ ಹೋಗಬೇಕು ಅನ್ನುವ ಮಾತು ನಾನು ಹುಟ್ಟುವ ಮೊದಲಿನದು. ಇವತ್ತಿಗೂ ಅದು ಮಾತೇ.

ಬೀರೂರು ಸ್ಟೇಷನ್ನಿನ ಆಫೀಸಿನ ಗೋಡೆಗೆ ಒರಗಿ ಬೀರುವಿನಷ್ಟು ಗಟ್ಟಿಮುಟ್ಟಾದ ಒಂದು ಕಬ್ಬಿಣದ ಯಂತ್ರ ನಿಂತಿತ್ತು. ಅದರ ಹೊಟ್ಟೆಯೊಳಗೆ ಉಕ್ಕಿನ ಗುಂಡುಗಳು. ಗಾಡಿ ಕಡೂರಿಗೆ ಹೊರಡಬೇಕಾದರೆ ಅಪ್ಪ ಗುಂಡಿ ಒತ್ತಿ ಗಂಟೆ ಬಾರಿಸುತ್ತಿದ್ದರು. ಕಡೂರಿನವರು ತಿರುಗಿ ಬಾರಿಸಬೇಕು, ಅವರ ಕಡೆಯಿಂದ ಒಪ್ಪಿಗೆ ಬರಬೇಕು. ಆಮೇಲೆ ಹಿಡಿಕೆ ತಿರುಗಿಸಿದರೆ ಗಡಗಡ ಉರುಳಿ ಒಂದೇ ಒಂದು ಗುಂಡು ಕೆಳಗೆ ಬೀಳುತ್ತಿತ್ತು. ಅದನ್ನು ತೊಗಲ ಚೀಲದಲ್ಲಿ ಹಾಕಿ, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುವುದು. ಆ ಗುಂಡು ಕೈಯಲ್ಲಿಲ್ಲದೆ ಯಾವ ಡ್ರೈವರೂ ಗಾಡಿ ಬಿಡುತ್ತಿರಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಗಾಡಿ ಬಾರದಂತೆ ಕಾಯುತ್ತಿದ್ದುದು ಅದೊಂದೇ. ನಾನು ಒಮ್ಮೆ ಹಟ ಹಿಡಿದು ಹಿಡಿಕೆಗೆ ಜೋತುಬಿದ್ದೆ. ಅಲ್ಲಾಡಲಿಲ್ಲ. “ಆ ಊರಿನವರು ಬಾ ಅನ್ನದೆ ಈ ಊರಿಂದ ಹೊರಡಕ್ಕಾಗಲ್ಲ ಮಗಳೆ,” ಎಂದರು ಅಪ್ಪ. ಮುಂದೆ ಎಷ್ಟೋ ವರ್ಷ, ಯಾವುದೇ ಊರಿಗೆ ಹೊರಟಾಗಲೂ, ಅಲ್ಲಿ ಯಾರೋ ನನಗಾಗಿ ಗಂಟೆ ಬಾರಿಸಿದ್ದಾರೆ ಎಂದೇ ನಂಬಿದ್ದೆ.

ವರ್ಗದ ಆರ್ಡರು ಬಂದರೆ ಅಮ್ಮನ ಮುಖ ಸಣ್ಣದಾಗುತ್ತಿತ್ತು, ನನ್ನದು ಅರಳುತ್ತಿತ್ತು. ಅಪ್ಪನಿಗೆ ಕಿಟ್ ಪಾಸ್ ಸಿಗುತ್ತಿತ್ತು, ಅಂದರೆ ಮನೆ ಸಾಮಾನು ಸಾಗಿಸುವುದಕ್ಕೆ. 1962ರಲ್ಲಿ ಬೀರೂರು ಬಿಟ್ಟು ತಾಳಗುಪ್ಪಕ್ಕೆ ಹೊರಟಾಗ ಸೈಡಿಂಗಿನಲ್ಲಿ ನಿಂತ ಒಂದು ಮುಚ್ಚಿದ ವ್ಯಾಗನ್ ಎರಡು ದಿನ ನಮ್ಮ ಮನೆಯಾಗಿತ್ತು. ಒರಳುಕಲ್ಲು ಮೊದಲು, ನಟ್ಟನಡುವೆ. ಅದರ ಸುತ್ತ ಟ್ರಂಕುಗಳು, ತಾಮ್ರದ ಹಂಡೆ, ಮಂಚದ ಕಾಲುಗಳು. ಹುಲ್ಲು ತುಂಬಿದ ಮಂಕರಿಯಲ್ಲಿ ಉಪ್ಪಿನಕಾಯಿ ಜಾಡಿ. ಎಲ್ಲಕ್ಕಿಂತ ಕೊನೆಗೆ, ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಡಿಸಿ ಹತ್ತಿಸಿದ್ದು ಹಸುವನ್ನು, ಜೊತೆಗೆ ಅದನ್ನು ನೋಡಿಕೊಳ್ಳಲು ಒಬ್ಬ ಪೋರ್ಟರ್. ನಾವು ಮುಂದಿನ ಡಬ್ಬಿಯಲ್ಲಿ, ನಮ್ಮ ಮನೆ ಹಿಂದೆ. ತರೀಕೆರೆಯಲ್ಲಿ, ಶಿವಮೊಗ್ಗದಲ್ಲಿ ಗಾಡಿ ನಿಂತಾಗಲೆಲ್ಲ ಇಳಿದು ಓಡಿ ಹೋಗಿ ಹಸುವಿನ ಅಂಬಾ ಕೇಳಿ ಬರುತ್ತಿದ್ದೆ. ಕುಂಸಿ ದಾಟಿದ ಮೇಲೆ ಕಾಡು ಕಿಟಕಿಯನ್ನೇ ತಾಗುತ್ತಿತ್ತು. ಅರಸಾಳಿನಲ್ಲಿ ಇಳಿದವರು ಇಬ್ಬರೇ. ಆ ಪುಟ್ಟ ಸ್ಟೇಷನ್ ಮುಂದೆ ಶಂಕರ್‌ನಾಗ್ ಕೈಯಲ್ಲಿ ಮಾಲ್ಗುಡಿಯಾಗಿ ಇಡೀ ದೇಶದ ಟೀವಿಯಲ್ಲಿ ಬಂತು. ಅವತ್ತು ನಾನು ಪಕ್ಕದಲ್ಲಿದ್ದವರ ತೋಳು ಹಿಂಡಿ “ನಮ್ಮೂರು, ನಮ್ಮೂರು” ಎಂದಿದ್ದೆ.

ತಾಳಗುಪ್ಪದಲ್ಲಿ ನನಗೊಬ್ಬ ಗುರು ಸಿಕ್ಕ, ಗ್ಯಾಂಗ್‌ಮನ್. ಅವನ ಕೈಯಲ್ಲಿ ಹಳಿಯ ಅಂತರ ನೋಡುವ ಕಬ್ಬಿಣದ ಗೇಜು ಇರುತ್ತಿತ್ತು. “ಹೆಚ್ಚೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು ಕಣವ್ವ,” ಅನ್ನುವವನು. ನನಗೆ ಗೇಜು ಎತ್ತಲಾಗುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಈ ಹಳಿಯಿಂದ ಆ ಹಳಿಗೆ ಗೇಣು ಹಾಕಿದೆ: ಏಳು. ಅಂದಿನಿಂದ ನನಗೆ ಮೀಟರ್ ಅಂದರೆ ಏಳು ಗೇಣು. ಸ್ಕೂಲಿನ ಮೇಷ್ಟ್ರು ನೂರು ಸೆಂಟಿಮೀಟರ್ ಎಂದಾಗ ನಾನು ಒಪ್ಪಿರಲಿಲ್ಲ.

ವರ್ಗವೆಂದರೆ ಹಬ್ಬ ಅನ್ನುವ ನನ್ನ ತಿಳಿವಳಿಕೆಗೆ ಪೆಟ್ಟು ಬಿದ್ದದ್ದೂ ಅಲ್ಲೇ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಕಣಿವೆಯ ಊರುಗಳು ಮುಳುಗಡೆಗೆ ಸಿಕ್ಕಿ ಒಂದೊಂದಾಗಿ ಏಳುತ್ತಿದ್ದ ಕಾಲ. ಒಂದು ಮಧ್ಯಾಹ್ನ ಸ್ಟೇಷನ್ನಿನ ನಲ್ಲಿಯ ಹತ್ತಿರ ನೀರಿಗೆಂದು ಒಂದು ಲಾರಿ ನಿಂತಿತು. ಮೇಲೆ ಒರಳುಕಲ್ಲು, ಹಂಡೆ, ಮಂಚದ ಕಾಲುಗಳು, ನಮ್ಮ ವ್ಯಾಗನ್ನಿನಲ್ಲಿದ್ದವೇ ಎಲ್ಲ. ಜೊತೆಗೆ ಕಿತ್ತ ಬಾಗಿಲು ಚೌಕಟ್ಟು, ಅಡಿಕೆ ಸುಲಿಯುವ ಮಣೆ, ಬೇರಿನ ಮಣ್ಣನ್ನು ಗೋಣಿಯಲ್ಲಿ ಸುತ್ತಿದ ಒಂದು ಗಿಡ. ನನ್ನ ವಯಸ್ಸಿನ ಹುಡುಗಿಯೊಬ್ಬಳು ಇಳಿದು ನೀರು ಕುಡಿದಳು. “ಯಾವ ಊರಿಗೆ ವರ್ಗ?” ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. “ಶಿವಮೊಗ್ಗ ಹತ್ರ ಅಂತೆ,” ಎಂದಳು. “ಮತ್ತೆ ಯಾವಾಗ ವಾಪಸ್ಸು?” ಎಂದೆ. ಅವಳ ಅಮ್ಮ ಲಾರಿಯ ಮೇಲಿಂದ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ರಾತ್ರಿ ಅಪ್ಪನನ್ನು ಕೇಳಿದೆ, ಅವರಿಗೆ ಆ ಕಡೆಯಿಂದ ಗಂಟೆ ಬಾರಿಸಿದವರು ಯಾರು ಎಂದು. ಅಪ್ಪ ಲಾಟೀನಿನ ಬತ್ತಿ ಸಣ್ಣ ಮಾಡಿ, ಮಲಕ್ಕೋ ಎಂದರು.

ಮುಂದೆ ನಂಜನಗೂಡಿಗೆ ವರ್ಗವಾಯಿತು. ಅಲ್ಲಿ ಗಾಡಿ ಕಪಿಲೆಯನ್ನು ದಾಟುತ್ತಿದ್ದುದು 1735ರ ಕಲ್ಲಿನ ಸೇತುವೆಯ ಮೇಲೆ. ರೈಲನ್ನು ಯಾರೂ ಕನಸಿನಲ್ಲೂ ಕಾಣದ ಕಾಲದಲ್ಲಿ ದಳವಾಯಿಗಳು ಕಟ್ಟಿಸಿದ್ದು. ಅದರ ಬೆನ್ನ ಮೇಲೆ ಒಂದು ಬದಿಗೆ ಹಳಿ, ಇನ್ನೊಂದು ಬದಿಗೆ ಎತ್ತಿನಗಾಡಿ. ಎಷ್ಟೋ ಸಲ ಎತ್ತಿನಗಾಡಿಯವನೂ ನಾವೂ ಜೊತೆಜೊತೆಯಾಗಿ ನದಿ ದಾಟಿದ್ದೇವೆ. ಮೈಸೂರಿನ ಕಾಲೇಜಿಗೆ ದಿನಾ ಹೋಗಿಬರುತ್ತಿದ್ದ ನನಗೆ ನೋಟ್ಸು ಬರೆದು ಮುಗಿಸಲು ಆ ನಿಧಾನ ಬಹಳ ಅನುಕೂಲವಾಗಿತ್ತು.

ವರ್ಷಕ್ಕಿಷ್ಟು ಎಂದು ಸಿಗುತ್ತಿದ್ದ ಪಾಸಿನಲ್ಲಿ ಅಪ್ಪ ಯಾವಾಗಲೂ ಅತಿ ದೂರದ ಊರನ್ನೇ ಬರೆಸುತ್ತಿದ್ದರು. ಪುಕ್ಕಟೆ ಎಂದ ಮೇಲೆ ಚಿಕ್ಕಮ್ಮನ ಮನೆಗೆ ಯಾಕೆ ಹೋಗಬೇಕು ಎಂಬುದು ಅವರ ವಾದ, ಅಮ್ಮನಿಗೆ ತಂಗಿಯ ಮನೆಗೇ ಹೋಗಬೇಕಿತ್ತು ಅನ್ನುವುದು ಬೇರೆ ಮಾತು. ಹಾಗೆ ಒಮ್ಮೆ ರಾಮೇಶ್ವರಕ್ಕೆ ಹೊರಟೆವು. ಬೆಂಗಳೂರಿನಲ್ಲಿ ನಮ್ಮ ಗಾಡಿ ಬಿಟ್ಟು ಮದ್ರಾಸಿನ ದೊಡ್ಡ ಗಾಡಿ ಹತ್ತಬೇಕು. ಹಳಿ ಬದಲಾದಲ್ಲಿ ಎಲ್ಲವೂ ಇಳಿಯಲೇಬೇಕಿತ್ತು, ಅಕ್ಕಿ ಮೂಟೆಯೂ, ಮದುವೆ ದಿಬ್ಬಣವೂ. ಆ ದೊಡ್ಡ ಗಾಡಿಯಲ್ಲಿ ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ, ಅದರ ತೂಗಾಟವೇ ಬೇರೆ. ಮದ್ರಾಸಿನ ಸೆಕೆ, ಅರ್ಥವಾಗದ ತಮಿಳು, ಜನಜಂಗುಳಿಯಲ್ಲಿ ಅಪ್ಪನ ಕೋಟಿನ ಚುಂಗು ಬಿಟ್ಟರೆ ಕೆಟ್ಟೆ ಅನ್ನುವ ಭಯ. ಎಗ್ಮೋರ್ ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರಂ ಅಂಚಿನಿಂದ ಬಗ್ಗಿ ನೋಡಿದೆ. ಕೆಳಗೆ ನಮ್ಮ ಹಳಿ! ಅದೇ ಅಗಲ, ಅದೇ ಕಿರಿದಾದ ಡಬ್ಬಿಗಳು. ಭಯ ಬಿಟ್ಟಿತು. ಪಾಂಬನ್ನಿನಲ್ಲಿ ಎರಡೂ ಕಡೆ ಬರೀ ಸಮುದ್ರವಿದ್ದು ಗಾಡಿ ನೀರಿನ ಮೇಲೇ ಹೋದಂತೆ ಕಂಡಾಗ ಅಮ್ಮ ಕಣ್ಣು ಮುಚ್ಚಿ ವಿಷ್ಣುಸಹಸ್ರನಾಮ ಹಿಡಿದಳು. ನಾನು ಕಿಟಕಿ ಬಿಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಅಪ್ಪನ ಪಾಸಿನಿಂದ ನನ್ನ ಹೆಸರು ಹೋಯಿತು. ಮೈಸೂರು ಸ್ಟೇಷನ್ನಿನಲ್ಲಿ ಮೊದಲ ಸಲ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ದಪ್ಪ ರಟ್ಟಿನ, ಎರಡು ಬೆರಳಗಲದ ಚೀಟಿ. ಕೌಂಟರಿನವರು ಅದನ್ನು ಕಬ್ಬಿಣದ ಅಚ್ಚಿನ ಬಾಯಿಗಿಟ್ಟು ಟಕ್ ಎಂದು ತಾರೀಖು ಒತ್ತಿದರು. ಮನೆ ತುಂಬ ಅಂಥ ಚೀಟಿಗಳ ನಡುವೆ ಬೆಳೆದವಳು ನಾನು. ಆದರೂ ಅವತ್ತಿನದನ್ನು ಇಳಿಯುವಾಗ ಗೇಟಿನಲ್ಲಿ ವಾಪಸು ಕೊಡಲು ಮನಸ್ಸು ಬರಲಿಲ್ಲ. ಆಮೇಲೆ ಪ್ರತಿ ಬೇಸಗೆ ರಜೆ, ಪ್ರತಿ ದಸರಾ ರಜೆ, ಹೊರಟೇಬಿಡುತ್ತಿದ್ದೆ. 1979ರಲ್ಲಿ ಹಾಸನ–ಮಂಗಳೂರು ದಾರಿ ತೆರೆದಾಗ ಸಕಲೇಶಪುರದಿಂದಾಚೆ ಸುರಂಗಗಳನ್ನು ಎಣಿಸುತ್ತ ಹೋಗಿ, ಲೆಕ್ಕ ತಪ್ಪಿ, ಎಣಿಸುವುದಕ್ಕೆಂದೇ ಇನ್ನೊಮ್ಮೆ ಹೋದೆ.

1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಎಂಬ ಯೋಜನೆ ಬಂತು. ಕೆಲವೇ ವರ್ಷಗಳಲ್ಲಿ ಮೈಸೂರು, ಅರಸೀಕೆರೆ, ಬೀರೂರಿನ ಹಳಿಗಳೆಲ್ಲ ಅಗಲವಾದವು. ಸಕಲೇಶಪುರದಾಚೆಯ ಘಾಟಿಯ ದಾರಿ 1996ರಲ್ಲಿ ಮುಚ್ಚಿದ್ದು, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರಿಗೆ. ತಾಳಗುಪ್ಪಕ್ಕೆ ದೊಡ್ಡ ಗಾಡಿ ಬಂದದ್ದು 2011ರಲ್ಲಿ. ಇದರಿಂದ ಒಳ್ಳೆಯದೇ ಆಯಿತು, ನಾನೇಕೆ ಸುಳ್ಳು ಹೇಳಲಿ? ನಡುರಾತ್ರಿ ಮಕ್ಕಳನ್ನು ಎಬ್ಬಿಸಿ, ಹೋಲ್ಡಾಲ್ ಸುತ್ತಿ, ಗಾಡಿ ಬದಲಿಸಿದ ಯಾವ ತಾಯಿಯೂ ಮೀಟರ್‌ಗೇಜಿಗಾಗಿ ಅತ್ತಿರಲಾರಳು. ಎಂಜಿನ್ನಿನ ಕಲ್ಲಿದ್ದಲ ಕಿಡಿಗೆ ಸುಟ್ಟ ಸೀರೆಗಳ ಲೆಕ್ಕ ಅಮ್ಮನ ಹತ್ತಿರ ಕೊನೆಯವರೆಗೂ ಇತ್ತು. ಆದರೂ ತಾಳಗುಪ್ಪದ ಹೊಸ ಪ್ಲಾಟ್‌ಫಾರಮ್ಮಿನಲ್ಲಿ ನಿಂತಾಗ ಹಳಿ ಎಷ್ಟೋ ಕೆಳಗೆ, ಎಷ್ಟೋ ಅಗಲಕ್ಕೆ ಕಂಡಿತು. ಇಳಿದು ಮುಟ್ಟುವ ವಯಸ್ಸೂ ದಾಟಿತ್ತು.

ಹೋದ ವರ್ಷ ಅಕ್ಕನ ಮಗಳ ಜೊತೆ ನೀಲಗಿರಿಗೆ ಹೋದೆ. ಮೇಟುಪಾಳ್ಯದಿಂದ ಊಟಿಗೆ ಹತ್ತುವ ಪುಟ್ಟ ಗಾಡಿ ಇನ್ನೂ ಮೀಟರ್‌ಗೇಜೇ. ಕಡಿದಾದ ಏರಿನಲ್ಲಿ ಜಾರದಂತೆ ನಡುವೆ ಹಲ್ಲಿನ ಪಟ್ಟಿಯೊಂದಿದೆ, ಅಷ್ಟೇ. ಕೂನೂರಿನಲ್ಲಿ ಎಂಜಿನ್ ಬದಲಿಸಲೆಂದು ಗಾಡಿ ನಿಂತಿತು. ಎಲ್ಲರೂ ಟೀಗೆ ಹೋದರು. ನಾನು ಪ್ಲಾಟ್‌ಫಾರಂ ತುದಿಗೆ ನಡೆದು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕೂತು, ಖಾಲಿ ಹಳಿಯ ಮೇಲೆ ಕೈ ಇಟ್ಟೆ.

“ಅಯ್ಯೋ ಚಿಕ್ಕಮ್ಮಾ, ಏನ್ ಮಾಡ್ತಿದೀರಿ? ಗಾರ್ಡ್ ಕೂಗ್ತಿದಾರೆ!”

“ಇರೇ, ಲೆಕ್ಕ ತಪ್ಪುತ್ತೆ,” ಎಂದೆ. ಐದೂವರೆ ಗೇಣು.