ನಾಯಕನೇ ಖಳನಾದಾಗ: ಸೂಪರ್‌ಮ್ಯಾನ್‌ ಮತ್ತು ವಾಲಿಯ ಪ್ರಶ್ನೆ

ಮಂಗಳೂರಿನಿಂದ ನೇತ್ರಾವತಿ ಸೇತುವೆಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಸಿಗುವ ತೊಕ್ಕೊಟ್ಟು ಒಂದು ಕವಲುದಾರಿ. ಪಶ್ಚಿಮಕ್ಕೆ ಉಳ್ಳಾಲ. ಪೂರ್ವಕ್ಕೆ ದೇರಳಕಟ್ಟೆಯ ಮೂಲಕ ಕೊಣಾಜೆ. ಅಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹಾಗೂ ಅದರ ಯಕ್ಷಗಾನ ಅಧ್ಯಯನ ಕೇಂದ್ರ. ಹೆದ್ದಾರಿಯಲ್ಲೇ ಮುಂದುವರಿದರೆ ತಲಪಾಡಿ ಗಡಿ, ಅದರಾಚೆ ಕುಂಬಳೆ. ಇದು ತಾಳಮದ್ದಳೆಯ ಸೀಮೆ. ಅಮೆರಿಕದ ಕಾಮಿಕ್ಸ್ ಕಳೆದ ಕೆಲವು ದಶಕಗಳಿಂದ ಚಿತ್ರಗಳಲ್ಲಿ ಮಾಡುತ್ತಿರುವ ಕೆಲಸವನ್ನು, ಎಂದರೆ ಸದ್ಗುಣಿಯೆಂದು ಪೂಜೆಗೊಂಡ ನಾಯಕನನ್ನು ಕಟಕಟೆಯಲ್ಲಿ ನಿಲ್ಲಿಸುವ ಕೆಲಸವನ್ನು, ಇಲ್ಲಿ ಬರಿಯ ಮಾತಿನಲ್ಲಿ ಮಾಡುತ್ತ ಬರಲಾಗಿದೆ.

ಕುತೂಹಲದ ಸಂಗತಿಯೆಂದರೆ, ಸೂಪರ್‌ಮ್ಯಾನ್ ಹುಟ್ಟಿದ್ದೇ ಖಳನಾಗಿ. ಜೆರ್ರಿ ಸೀಗೆಲ್ 1933ರಲ್ಲಿ ಬರೆದು, ಜೋ ಶುಸ್ಟರ್ ಚಿತ್ರ ಬಿಡಿಸಿದ ಸಣ್ಣ ಕಥೆಯಲ್ಲಿ ಆ ಹೆಸರಿನವನು ಜಗತ್ತನ್ನೇ ಆಳಹೊರಟ ದುರಾಸೆಯ ಮನುಷ್ಯ. ಇಂದು ಎಲ್ಲರಿಗೂ ಪರಿಚಿತನಾದ ದೀನರಕ್ಷಕ ಅಚ್ಚಾದದ್ದು 1938ರಲ್ಲಿ. 1964ರಲ್ಲಿ ಅದೇ ಪ್ರಕಾಶನವು ಮತ್ತೊಂದು ಭೂಮಿಯನ್ನು ಕಲ್ಪಿಸಿ, ಅಲ್ಲಿ ತನ್ನ ನಾಯಕರ ಪ್ರತಿರೂಪಗಳನ್ನು ದರೋಡೆಕೋರರನ್ನಾಗಿಸಿತು. ಅದು ಮಕ್ಕಳಾಟ. ಗಂಭೀರ ಪ್ರಯತ್ನಗಳು ಆರಂಭವಾದದ್ದು 1985ರ ‘ಸ್ಕ್ವಾಡ್ರನ್ ಸುಪ್ರೀಂ’, 1986ರ ‘ವಾಚ್‌ಮೆನ್’ಗಳಿಂದ. 2006ರಲ್ಲಿ ಆರಂಭವಾದ ‘ದಿ ಬಾಯ್ಸ್’ ಕಾಮಿಕ್ಸ್ 2019ರಲ್ಲಿ ಧಾರಾವಾಹಿಯಾಗಿ ಭಾರತದ ಮನೆಗಳಿಗೂ ಬಂತು. ಅದರ ಹೋಮ್‌ಲ್ಯಾಂಡರ್ ಕ್ಯಾಮೆರಾದ ಮುಂದೆ ದೇಶಭಕ್ತ, ಹಿಂದೆ ಕೊಲೆಗಡುಕ. 2013ರ ‘ಇನ್‌ಜಸ್ಟಿಸ್’ನಲ್ಲಿ ಜೋಕರನ ಸಂಚಿನಿಂದ ಮಡದಿಯನ್ನೂ ನಗರವನ್ನೂ ಕಳೆದುಕೊಂಡ ಸೂಪರ್‌ಮ್ಯಾನ್ ಅವನನ್ನು ಕೊಂದು, ಲೋಕಕ್ಕೆ ಶಾಂತಿ ತರುವ ಹೆಸರಿನಲ್ಲಿ ಸರ್ವಾಧಿಕಾರಿಯಾಗುತ್ತಾನೆ.

ಈ ಎಲ್ಲ ಕಥೆಗಳಲ್ಲೂ ಲೇಖಕನು ನಾಯಕನಿಂದ ಹೊಸ ಅಪರಾಧವೊಂದನ್ನು ಮಾಡಿಸುತ್ತಾನೆ. ತಾಳಮದ್ದಳೆಗೆ ಆ ಅನುಕೂಲವಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಚೆಂಡೆ-ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ಇಷ್ಟೇ. ಪತ್ತನಾಜೆಗೆ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಇದರ ಸುಗ್ಗಿ. ಪದ್ಯ ಮೊದಲೇ ನಿಶ್ಚಿತ, ಮಾತು ಆಶುರಚನೆ. ಪ್ರಸಂಗದ ಫಲಿತಾಂಶವನ್ನು ಯಾರೂ ಬದಲಿಸುವಂತಿಲ್ಲ. ವಾಲಿ ಸಾಯಲೇಬೇಕು, ರಾಮ ಗೆಲ್ಲಲೇಬೇಕು. ಆದರೆ ಸಾಯುವ ಮುನ್ನ ವಾಲಿ ಏನು ಕೇಳಬೇಕೆಂಬುದು ಅರ್ಥಧಾರಿಯ ಸ್ವಾತಂತ್ರ್ಯ.

ಕೇಳಲು ವಾಲಿಯ ಬಳಿ ಸಾಕಷ್ಟಿದೆ. ಸುಗ್ರೀವನೊಡನೆ ಹೋರಾಡುತ್ತಿದ್ದವನಿಗೆ ಮರೆಯಿಂದ ಬಾಣ ಬಿಡುವುದು ಯಾವ ಕ್ಷಾತ್ರ? ನಿನಗೆ ನಾನು ಯಾವ ಕೇಡು ಮಾಡಿದ್ದೆ? ಸೀತೆಯೇ ಬೇಕಿದ್ದರೆ ನನ್ನನ್ನು ಕೇಳಬಾರದಿತ್ತೆ? ಇವು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲೇ ಇರುವ ಪ್ರಶ್ನೆಗಳು. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡವನಿಗೆ ಇದೇ ದಂಡನೆ, ಈ ಭೂಮಿ ಇಕ್ಷ್ವಾಕುಗಳದ್ದು, ಮೃಗವನ್ನು ಮರೆಯಿಂದ ಬೇಟೆಯಾಡುವುದು ದೋಷವಲ್ಲ ಎಂಬ ರಾಮನ ಉತ್ತರಗಳೂ ಅಲ್ಲೇ ಇವೆ. ಕೊನೆಯ ಉತ್ತರವಂತೂ ಸಮರ್ಥ ವಾಲಿಯ ಕೈಗೆ ಸಿಕ್ಕರೆ ರಾಮನಿಗೇ ತಿರುಗುಬಾಣ: ಮೃಗವಾದರೆ ಅದಕ್ಕೆ ಮನುಷ್ಯಧರ್ಮದ ದಂಡನೆ ಏಕೆ? ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಿರುವ ರಾಮಾಯಣ ಪ್ರಸಂಗಗಳ ಆಧಾರದಲ್ಲಿ ಈ ವಾದ ಕರಾವಳಿಯಲ್ಲಿ ತಲೆಮಾರುಗಳಿಂದ ನಡೆದಿದೆ. ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪ್ರತಿನಾಯಕರಿಗೆ ತಂದುಕೊಟ್ಟ ಘನತೆ ಈಗಲೂ ರಸಿಕರ ಚರ್ಚೆಯ ವಸ್ತು.

ಹಾಗೆಂದು ರಾಮ ಇಲ್ಲಿ ಖಳನಾಗುವುದಿಲ್ಲ. ಅವನು ಉತ್ತರಿಸಬೇಕಾಗುತ್ತದೆ, ಅಷ್ಟೇ. ಉತ್ತರ ದುರ್ಬಲವಾದರೆ ಸಭೆಗೆ ತಿಳಿಯುತ್ತದೆ. ನಾಯಕನ ತಲೆ ಕೆಡಿಸಿ ಅವನನ್ನು ರಾಕ್ಷಸನನ್ನಾಗಿಸುವುದಕ್ಕಿಂತ, ಅವನು ನಿಜಕ್ಕೂ ಮಾಡಿದ ಒಂದು ಕೃತ್ಯವನ್ನು ಹಿಡಿದು ಕೇಳುವುದು ಕಠಿಣತರ ಪರೀಕ್ಷೆ.

ಕನ್ನಡ ಕಾವ್ಯವೂ ಇದೇ ಬಗೆಯ ಹಾದಿಯಲ್ಲಿ ನಡೆದಿದೆ. ಹತ್ತನೆಯ ಶತಮಾನದ ರನ್ನ ಭೀಮನನ್ನು ಹೊಗಳಲು ಹೊರಟು ದುರ್ಯೋಧನನಿಗೆ ಓದುಗರ ಮರುಕವನ್ನು ದೊರಕಿಸಿದ. ಜೈನಕವಿ ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮನ ಕೈಗೆ ರಕ್ತ ಅಂಟುವುದಿಲ್ಲ. ಕುವೆಂಪು 1944ರ ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಮೇಲೆ ಬಿಟ್ಟ ಅಸ್ತ್ರವನ್ನು ದೂರು ತಂದ ಬ್ರಾಹ್ಮಣನತ್ತಲೇ ತಿರುಗಿಸಿ ರಾಮನನ್ನು ಅಪವಾದದಿಂದ ಪಾರುಮಾಡಿದರು. ಪುರಾಣಕಥೆಯನ್ನು ಹೀಗೆ ಮಾರ್ಪಡಿಸುವುದಕ್ಕೆ ಮಾಸ್ತಿ ಆಕ್ಷೇಪವೆತ್ತಿದರು, ಕುವೆಂಪು ಉತ್ತರಿಸಿದರು. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ವಾಲಿಯ ಮುಂದೆ ರಾಮ ತಪ್ಪೊಪ್ಪಿಕೊಳ್ಳುತ್ತಾನೆ, ಸೀತೆಯೊಡನೆ ತಾನೂ ಬೆಂಕಿಯನ್ನು ಹೊಗುತ್ತಾನೆ. ಎಸ್‌.ಎಲ್‌. ಭೈರಪ್ಪನವರ ‘ಉತ್ತರಕಾಂಡ’ (2017) ಅಷ್ಟು ಉದಾರವಾಗಿಲ್ಲ. ಅಲ್ಲಿ ಕಥೆ ಹೇಳುವವಳು ಸೀತೆ.

ಚಿತ್ರಕಥೆಯ ಕ್ಷೇತ್ರದಲ್ಲಿ ಕರಾವಳಿಯ ಕೊಡುಗೆ ಬೇರೆ ದಿಕ್ಕಿನದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ ಪುರಾಣಪುರುಷರನ್ನು ಮಕ್ಕಳಿಗೆ ಆದರ್ಶಗಳಾಗಿ ಪರಿಚಯಿಸಿತು; ವಾಲಿಯ ದನಿಗೆ ಅಲ್ಲಿ ಹೆಚ್ಚು ಪುಟಗಳಿರಲಿಲ್ಲ.

ಜನ ಸಿಟ್ಟಾಗುವುದೂ ಉಂಟು. 2016ರಲ್ಲಿ ಕ್ಯಾಪ್ಟನ್ ಅಮೆರಿಕವು ಶತ್ರುಸಂಘಟನೆಯ ಗೂಢಚಾರನೆಂದು ತೋರಿಸಿದಾಗ ಅಮೆರಿಕದ ಓದುಗರು ಪ್ರಕಾಶಕರ ವಿರುದ್ಧ ರೊಚ್ಚಿಗೆದ್ದರು. ತಾಳಮದ್ದಳೆಯಲ್ಲಿ ರಾಮಭಕ್ತರೇ ತುಂಬಿದ ಸಭೆ ವಾಲಿಯ ಮಾತಿಗೆ ತಲೆದೂಗುತ್ತದೆ, ಹಲವೊಮ್ಮೆ ದೇವಸ್ಥಾನದ ಅಂಗಳದಲ್ಲೇ. ಇಂದು ವಾಲಿಯಾಗಿ ರಾಮನನ್ನು ಜರೆದ ಅರ್ಥಧಾರಿಯೇ ಮುಂದಿನ ಕೂಟದಲ್ಲಿ ರಾಮನಾಗಿ ಕುಳಿತು, ಅದೇ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗಬಹುದು.